ಹೇಂಟೆಯ ಮೊಟ್ಟೆನಾಳದ ಕಾವಲು: ಹಾರ್ಮೋನಿನ ಏರಿಳಿತ ನೋಡಿ ಆರೈಕೆ ಮಾಡುವ ಕ್ರಮ

ಹೇಂಟೆಯ ಮೈಯಲ್ಲಿ ಹಾರ್ಮೋನು ಏರಿದೆಯೋ ಇಳಿದಿದೆಯೋ ಎಂದು ತಿಳಿಯಲು ರಕ್ತಪರೀಕ್ಷೆ ಬೇಕಾಗಿಲ್ಲ. ಮೂರು ಬೆರಳು ಸಾಕು. ಕತ್ತಲಾದ ಮೇಲೆ ಕೋಳಿಗಳು ಗೂಡಿನ ಅಡ್ಡಕೋಲಿನಲ್ಲಿ ತೂಕಡಿಸುತ್ತಿರುವಾಗ ಒಂದು ಹೇಂಟೆಯನ್ನು ಮೆಲ್ಲನೆ ಎತ್ತಿ, ತಲೆ ನಿಮ್ಮ ಕಂಕುಳಿನ ಕಡೆಗೆ ಬರುವಂತೆ ಎಡಗೈಯ ಮೇಲೆ ಮಲಗಿಸಿಕೊಂಡು, ಬಲಗೈಯ ಬೆರಳುಗಳನ್ನು ಬಾಲದ ಕೆಳಗೆ ಮಲದ್ವಾರದ ಆಚೀಚೆ ಆಡಿಸಿ ನೋಡಿ. ಚರ್ಮದಡಿಯಲ್ಲಿ ಎರಡು ತೆಳು ಎಲುಬುಗಳ ತುದಿ ಕೈಗೆ ಸಿಗುತ್ತದೆ. ಅವೆರಡರ ನಡುವೆ ಎರಡು ಮೂರು ಬೆರಳು ಸರಾಗವಾಗಿ ಹಿಡಿಸಿ, ಎಲುಬಿನ ತುದಿ ಒತ್ತಿದರೆ ಬಾಗುವಂತಿದ್ದು, ದ್ವಾರವು ಅಗಲವಾಗಿ, ತೇವವಾಗಿ, ಹಳದಿ ಬಣ್ಣ ಕಳೆದುಕೊಂಡು ಬಿಳಿಚಿದ್ದರೆ ಆ ಹೇಂಟೆ ಮೊಟ್ಟೆಯಿಡುತ್ತಿದೆ ಎಂದು ತಿಳಿಯಬಹುದು. ಒಂದು ಬೆರಳಷ್ಟೇ ಹಿಡಿಸಿ, ದ್ವಾರ ಒಣಗಿ ಸುಕ್ಕುಗಟ್ಟಿದ್ದರೆ ಅದು ಮೊಟ್ಟೆ ನಿಲ್ಲಿಸಿದೆ, ಇಲ್ಲವೇ ಇನ್ನೂ ಆರಂಭಿಸಿಲ್ಲ.

ಬೆರಳಿಗೆ ಸಿಗುವ ಈ ಬದಲಾವಣೆಯನ್ನು ತರುವುದು ಅಂಡಾಶಯದಿಂದ ಹೊರಡುವ ಈಸ್ಟ್ರೋಜೆನ್ ಎಂಬ ಹಾರ್ಮೋನು. ಮೊಟ್ಟೆನಾಳದ ಒಳಗೋಡೆಯಲ್ಲಿ ರೋಗಾಣುಗಳನ್ನು ತಡೆಯುವ ಕಣಗಳು ಎಷ್ಟು ನೆಲೆನಿಲ್ಲುತ್ತವೆ ಎಂಬುದೂ ಬಹುಮಟ್ಟಿಗೆ ಇದೇ ಹಾರ್ಮೋನಿನ ಕೈಯಲ್ಲಿದೆ. ಆದುದರಿಂದ ನಾಳದ ಕಾವಲು ವರ್ಷವಿಡೀ ಒಂದೇ ಬಗೆಯಲ್ಲಿರುವುದಿಲ್ಲ. ಹೇಂಟೆಯ ಪ್ರಾಯ, ಋತು, ಕಾವು, ಗರಿ ಉದುರುವಿಕೆ ಇವುಗಳೊಂದಿಗೆ ಅದೂ ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಅಡಿಕೆ ತೋಟದ ಬದಿಯಲ್ಲಿ ಹತ್ತಿಪ್ಪತ್ತು ಹೇಂಟೆ ಸಾಕುವವರು, ಅವು ಪಂಚಾಯತಿನ ಯೋಜನೆಯಲ್ಲಿ ಸಿಕ್ಕಿದ ಗ್ರಾಮಶ್ರೀಯಾಗಿರಲಿ, ಗಡಿ ದಾಟಿ ತಂದ ಗಿರಿರಾಜವಾಗಿರಲಿ, ಊರಿನ ನಾಟಿಯೇ ಆಗಿರಲಿ, ಈ ಸಡಿಲದ ದಿನಗಳನ್ನು ಗುರುತಿಸಲು ಕಲಿತರೆ ಮದ್ದಿನ ಖರ್ಚು ಬಹಳಷ್ಟು ತಪ್ಪುತ್ತದೆ. ಮೊಟ್ಟೆನಾಳದ ಸೋಂಕು ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೆ ಮದ್ದಿನ ಕಾಲ ಮುಗಿದಿರುವುದೇ ಹೆಚ್ಚು.

ಹಾಳೆಯ ಮೇಲೆ ಬಿಡಿಸಿ ನೋಡಿದರೆ

ಮನೆಗೆಂದು ಕೊಯ್ದ ಆರೋಗ್ಯವಂತ ಹೇಂಟೆಯ ಮೊಟ್ಟೆನಾಳವನ್ನು ಎಸೆಯುವ ಮೊದಲು ಒಮ್ಮೆ ಅಡಿಕೆ ಹಾಳೆಯ ಮೇಲೆ ಉದ್ದಕ್ಕೆ ಬಿಡಿಸಿ ನೋಡಬೇಕು. ಮೊಟ್ಟೆಯಿಡುತ್ತಿದ್ದ ಹೇಂಟೆಯದಾದರೆ ಸುಮಾರು 65 ಸೆಂಟಿಮೀಟರ್ ಉದ್ದದ, ಮಡಿಕೆ ಮಡಿಕೆಯಾದ ಕೊಳವೆ ಸಿಗುತ್ತದೆ. ಅದು ಇರುವುದು ಎಡಬದಿಯಲ್ಲಿ ಮಾತ್ರ. ಬಲಬದಿಯ ಅಂಡಾಶಯವೂ ನಾಳವೂ ಮರಿ ಮೊಟ್ಟೆಯೊಳಗಿರುವಾಗಲೇ ಬೆಳವಣಿಗೆ ನಿಲ್ಲಿಸಿ ಮುದುಡಿಹೋಗಿರುತ್ತವೆ. ಇರುವ ಒಂದು ಕೆಟ್ಟರೆ ಇನ್ನೊಂದಿಲ್ಲ ಎಂಬುದನ್ನು ಮೊದಲೇ ಮನಸ್ಸಿನಲ್ಲಿಡುವುದು ಒಳ್ಳೆಯದು.

ಮೇಲ್ತುದಿಯಲ್ಲಿ ಆಲಿಕೆಯಂತೆ ಅಗಲವಾದ, ಬಹಳ ತೆಳುವಾದ ಭಾಗವಿದೆ. ಅಂಡಾಶಯದಿಂದ ಕಳಚಿದ ಹಳದಿಯನ್ನು ಹಿಡಿಯುವುದು ಇದೇ, ಮತ್ತು ಹಳದಿ ಇಲ್ಲಿರುವುದು ಕಾಲು ಗಂಟೆಯಷ್ಟೇ. ಮುಂದಿನದು ಅತಿ ಉದ್ದದ, ದಪ್ಪ ಗೋಡೆಯ ಭಾಗ. ಸುಮಾರು ಮೂರು ಗಂಟೆಗಳಲ್ಲಿ ಇಲ್ಲಿ ಬಿಳಿಲೋಳೆ ಸುತ್ತಿಕೊಳ್ಳುತ್ತದೆ. ಅದರಾಚೆಯ ಸಪೂರ ಭಾಗದಲ್ಲಿ ಒಂದು ಗಂಟೆಗೂ ತುಸು ಹೆಚ್ಚು ಹೊತ್ತು ನಿಂತು ಎರಡು ಪೊರೆಗಳನ್ನು ಪಡೆಯುತ್ತದೆ. ಆಮೇಲೆ ಚೀಲದಂಥ ಚಿಪ್ಪುಗ್ರಂಥಿ. ಇಲ್ಲಿ ಸುಮಾರು ಇಪ್ಪತ್ತು ಗಂಟೆ. ಕೊನೆಯದು ಬಿಗಿ ಸ್ನಾಯುವಿನ ಯೋನಿ. ಒಟ್ಟು ಒಂದು ಹಗಲು, ಒಂದು ರಾತ್ರಿ, ಮೇಲೆ ಒಂದೆರಡು ಗಂಟೆ.

ಈ ಕೊಳವೆಯ ಎರಡೂ ತುದಿ ತೆರೆದಿರುವುದರಲ್ಲೇ ಅಪಾಯವಿದೆ. ಕೆಳತುದಿ ಮಲಮೂತ್ರಗಳು ಬರುವ ದ್ವಾರಕ್ಕೇ ತೆರೆದುಕೊಂಡಿದೆ, ಮೇಲ್ತುದಿ ಹೊಟ್ಟೆಯ ಪೊಳ್ಳಿಗೆ ತೆರೆದುಕೊಂಡಿದೆ, ಅದರ ಮಗ್ಗುಲಲ್ಲೇ ಗಾಳಿಚೀಲಗಳೂ ಇವೆ. ಹಾಗಾಗಿ ಹಿಕ್ಕೆಯಿಂದ ಹತ್ತುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಕೆಳಗಿನಿಂದಲೂ, ಶ್ವಾಸದ ರೋಗ ಗಾಳಿಚೀಲದ ಮೂಲಕ ಮೇಲಿನಿಂದಲೂ, ಸಾಲ್ಮೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ರಕ್ತದ ಮೂಲಕವೂ ಬರಬಲ್ಲವು. ಮೊಟ್ಟೆ ಇಡುವ ಕ್ಷಣದಲ್ಲಿ ಹೇಂಟೆ ಯೋನಿಯ ತುದಿಯನ್ನು ಹೊರಕ್ಕೆ ಮಗುಚುತ್ತದೆ. ಹಿಕ್ಕೆಯ ದಾರಿಗೆ ತಾಗದೆ ಮೊಟ್ಟೆ ಹೊರಬೀಳುವುದು ಇದರಿಂದಲೇ. ಆ ಕೆಂಪು, ಒದ್ದೆ ಪೊರೆ ಒಳಸರಿಯಲು ಕೆಲವು ನಿಮಿಷ ಬೇಕು. ಅಷ್ಟರಲ್ಲಿ ಬೇರೆ ಹೇಂಟೆಯ ಕಣ್ಣಿಗೆ ಬಿದ್ದರೆ ಅದು ಕುಕ್ಕುತ್ತದೆ. ಮೊಟ್ಟೆಯಿಡುವ ಪೆಟ್ಟಿಗೆ ಮಬ್ಬುಗತ್ತಲೆಯಲ್ಲಿರಬೇಕು ಎನ್ನುವುದಕ್ಕೆ ಇಷ್ಟು ಕಾರಣ ಸಾಕು. ನಾಲ್ಕೈದು ಹೇಂಟೆಗೆ ಒಂದರಂತೆ, ಒಂದಡಿ ಉದ್ದಗಲದ ಪೆಟ್ಟಿಗೆಯನ್ನು ಗೂಡಿನ ಕತ್ತಲ ಮೂಲೆಯಲ್ಲಿಟ್ಟು ಮುಂದೆ ಒಂದು ಗೋಣಿಯ ತುಂಡು ಇಳಿಬಿಟ್ಟರೆ ಆಯಿತು.

ಕಾವಲಿನಲ್ಲಿ ಏನೇನಿದೆ

ನಾಳದ ಒಳಪೊರೆಯಲ್ಲಿ ಸೂಕ್ಷ್ಮ ರೋಮಗಳಿದ್ದು ಲೋಳೆಯನ್ನು ಸರಿಸುತ್ತಿರುತ್ತವೆ. ಪೊರೆಯ ಕೋಶಗಳು ರೋಗಾಣುಗಳನ್ನು ಕೊಲ್ಲುವ ಡಿಫೆನ್ಸಿನ್ ಎಂಬ ಪುಟ್ಟ ಪ್ರೋಟೀನುಗಳನ್ನು ಸುರಿಸುತ್ತವೆ. ಕೋಳಿಯಲ್ಲಿ ಇವುಗಳಿಗೆ 14 ಜೀನುಗಳು ಗುರುತಾಗಿವೆ. ರೋಗಾಣುವಿನ ಹೊರಕವಚದ ಗುರುತು ಹಿಡಿಯುವ ಗ್ರಾಹಕಗಳೂ ಅಲ್ಲೇ ಇದ್ದು, ಗುರುತು ಸಿಕ್ಕೊಡನೆ ಡಿಫೆನ್ಸಿನ್‌ನ ಪ್ರಮಾಣ ಏರುತ್ತದೆ. ಪೊರೆಯಡಿಯಲ್ಲಿ ರೋಗಾಣುಗಳನ್ನು ನುಂಗುವ ಕಣಗಳೂ ಟಿ ಮತ್ತು ಬಿ ಲಿಂಫೋಸೈಟ್‌ಗಳೆಂಬ ಬಿಳಿ ರಕ್ತಕಣಗಳೂ ನೆಲೆಸಿರುತ್ತವೆ. ಬಿಳಿಲೋಳೆಯೂ ಆಹಾರ ಮಾತ್ರವಲ್ಲ. ಅದರಲ್ಲಿರುವ ಲೈಸೋಜೈಮ್, ಅಲೆಕ್ಸಾಂಡರ್ ಫ್ಲೆಮಿಂಗ್ 1922ರಲ್ಲಿ ಗುರುತಿಸಿದ ವಸ್ತು, ಕೆಲವು ಬ್ಯಾಕ್ಟೀರಿಯಾಗಳ ಗೋಡೆಯನ್ನೇ ಕರಗಿಸುತ್ತದೆ; ಓವೊಟ್ರಾನ್ಸ್‌ಫೆರಿನ್ ಕಬ್ಬಿಣವನ್ನು ಬಿಗಿಯಾಗಿ ಹಿಡಿದಿಟ್ಟು ರೋಗಾಣುವನ್ನು ಉಪವಾಸ ಕೆಡವುತ್ತದೆ; ಅವಿಡಿನ್ ಬಯೋಟಿನ್ ಎಂಬ ವಿಟಮಿನ್ನನ್ನು ಅದಕ್ಕೆ ಸಿಗದಂತೆ ಕಟ್ಟಿಹಾಕುತ್ತದೆ. ತಾಯಿಯ ಪ್ರತಿಕಾಯಗಳು, ಅಂದರೆ ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನುಗಳು, ರಕ್ತದಿಂದ ಹಳದಿಗೆ ಸೇರುತ್ತವೆ, ಇನ್ನೊಂದು ಬಗೆಯವು ನಾಳದ ಗೋಡೆಯಿಂದ ಬಿಳಿಲೋಳೆಗೆ ಇಳಿಯುತ್ತವೆ.

ಇವೆಲ್ಲದರ ಲಗಾಮು ಹಾರ್ಮೋನಿನಲ್ಲಿದೆ. ಬಿಳಿಲೋಳೆಯ ಪ್ರೋಟೀನುಗಳನ್ನು ನೇಯುವ ಗ್ರಂಥಿಗಳು ಬೆಳೆಯುವುದೇ ಈಸ್ಟ್ರೋಜೆನ್‌ನಿಂದ. ಅವಿಡಿನ್ ತಯಾರಾಗಬೇಕಾದರೆ ಅಂಡಾಶಯದ ಇನ್ನೊಂದು ಹಾರ್ಮೋನಾದ ಪ್ರೊಜೆಸ್ಟರಾನ್ ಬೇಕು. ಈಸ್ಟ್ರೋಜೆನ್ ಕೊಟ್ಟ ಕೋಳಿಗಳ ನಾಳದಲ್ಲಿ ಕಾವಲಿನ ಕಣಗಳು ಹೆಚ್ಚುವುದನ್ನೂ, ಮುದಿ ಹೇಂಟೆಗಳ ನಾಳದಲ್ಲಿ ಅವು ಕಡಿಮೆಯಿರುವುದನ್ನೂ ಜಪಾನಿನ ಹಿರೋಶಿಮಾ ವಿಶ್ವವಿದ್ಯಾಲಯದ ಪ್ರಯೋಗಗಳು ತೋರಿಸಿವೆ. ಇದನ್ನು ಓದಿ ಯಾರೂ ಹಾರ್ಮೋನಿನ ಚುಚ್ಚುಮದ್ದು ಹುಡುಕಿಕೊಂಡು ಹೋಗಬಾರದು. ತಿನ್ನುವ ಮೊಟ್ಟೆಯಿಡುವ ಕೋಳಿಗೆ ಅದು ಸಲ್ಲದು, ಮೇಲಾಗಿ ಈಸ್ಟ್ರೋಜೆನ್‌ಗೆ ಇನ್ನೊಂದು ಮುಖವೂ ಇದೆ. ಅದು ನಾಳದ ಬಾಯನ್ನು ಸಡಿಲಿಸುತ್ತದೆ. ಬಿಡದೆ ಮೊಟ್ಟೆಯಿಡುವ ಹೇಂಟೆಗಳಲ್ಲೇ ಇ. ಕೋಲಿ ಕೆಳಗಿನಿಂದ ಹತ್ತಿ ನಾಳದ ಉರಿಯೂತವನ್ನೂ ಹೊಟ್ಟೆಪೊರೆಯ ಸೋಂಕನ್ನೂ ಹೆಚ್ಚಾಗಿ ತರುವುದಕ್ಕೆ ಇದೊಂದು ಕಾರಣ. ನಮ್ಮ ಕೈಯಲ್ಲಿರುವುದು ಹಾರ್ಮೋನನ್ನು ಏರಿಸುವುದಲ್ಲ. ಅದು ಹಠಾತ್ತನೆ ಏರಿಳಿಯದಂತೆ ನೋಡಿಕೊಳ್ಳುವುದು, ಮತ್ತು ಏರಿಳಿಯುವುದು ಅನಿವಾರ್ಯವಾದ ದಿನಗಳಲ್ಲಿ ರೋಗಾಣುವಿನ ಹೊರೆ ತಗ್ಗಿಸುವುದು.

ಮೊದಲ ಮೊಟ್ಟೆಗೆ ಮುಂಚಿನ ನಾಲ್ಕು ತಿಂಗಳು

ಮೊಟ್ಟೆನಾಳದ ಆರೈಕೆ ಮೊಟ್ಟೆ ಶುರುವಾದ ಮೇಲೆ ಮಾಡುವುದೆಂದು ತಿಳಿದವರೇ ಹೆಚ್ಚು. ನಿಜಕ್ಕೂ ಅದು ಮರಿಯ ಮೊದಲ ಎರಡು ವಾರಗಳಲ್ಲೇ ಆರಂಭವಾಗಬೇಕು. ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್ ಎಂಬ ಶೀತರೋಗದ ವೈರಸ್ ಆ ಪ್ರಾಯದಲ್ಲಿ ತಗಲಿದರೆ, ಕೆಮ್ಮು ಸೀನು ವಾಸಿಯಾದರೂ ಎಳೆಯ ನಾಳದ ಒಂದು ಭಾಗ ಬೆಳೆಯದೇ ಉಳಿಯಬಹುದು. ಅಂಥ ಹೇಂಟೆ ಪ್ರಾಯಕ್ಕೆ ಬಂದಾಗ ಜುಟ್ಟು ಕೆಂಪಗಿರುತ್ತದೆ, ಎಲುಬಿನ ಅಂತರ ಸರಿಯಾಗಿರುತ್ತದೆ, ಪೆಟ್ಟಿಗೆಯಲ್ಲಿ ಹೋಗಿ ಕೂರುತ್ತದೆ, ಆದರೆ ಮೊಟ್ಟೆ ಮಾತ್ರ ಇಲ್ಲ. ಹಳದಿ ಹೊಟ್ಟೆಯೊಳಗೇ ಬೀಳುತ್ತಿರುತ್ತದೆ. ಆದ್ದರಿಂದ ಮರಿಗಳನ್ನು ದೊಡ್ಡ ಕೋಳಿಗಳಿಂದ ಬೇರೆಯಾಗಿಟ್ಟು, ನೀರು ಆಹಾರ ಕೊಡುವಾಗ ಮೊದಲು ಮರಿಗಳ ಗೂಡಿಗೆ, ಆಮೇಲೆ ದೊಡ್ಡವುಗಳ ಗೂಡಿಗೆ ಹೋಗುವ ಕ್ರಮವನ್ನು ಮನೆಯವರೆಲ್ಲರೂ ಪಾಲಿಸಬೇಕು. ಇದಕ್ಕೆ ಖರ್ಚೇನೂ ಇಲ್ಲ.

ಲಸಿಕೆಗೂ ಹಾರ್ಮೋನಿಗೂ ಇರುವ ನಂಟನ್ನು ಇಲ್ಲಿಯೇ ಹೇಳಬೇಕು. ಕೋಳಿಯ ಮಲದ್ವಾರದ ಮೇಲ್ಬದಿಯಲ್ಲಿ ಚಿಕ್ಕ ಚೀಲದಂಥ ಅಂಗವೊಂದಿದೆ; ಇಟಲಿಯ ಅಂಗರಚನಾ ಶಾಸ್ತ್ರಜ್ಞ ಫ್ಯಾಬ್ರಿಸಿಯಸ್ ಹೆಸರಿನ ಈ ಚೀಲದ ಕೆಲಸವೇನೆಂದು ಶತಮಾನಗಳವರೆಗೆ ಯಾರಿಗೂ ತಿಳಿದಿರಲಿಲ್ಲ. ಅದನ್ನು ತೆಗೆದುಹಾಕಿದ ಕೋಳಿಗಳು ಪ್ರತಿಕಾಯ ತಯಾರಿಸಲಾರವು ಎಂದು 1956ರಲ್ಲಿ ಬ್ರೂಸ್ ಗ್ಲಿಕ್ ಮತ್ತು ಸಂಗಡಿಗರು ಪ್ರಕಟಿಸಿದರು. ಮನುಷ್ಯರ ವಿಷಯದಲ್ಲೂ ನಾವು ಬಿ ಕಣಗಳು ಎಂದು ಹೇಳುವಾಗಿನ "ಬಿ" ಬಂದದ್ದು ಈ ಕೋಳಿಚೀಲದ ಬರ್ಸಾ ಎಂಬ ಹೆಸರಿನಿಂದ. ಲೈಂಗಿಕ ಹಾರ್ಮೋನುಗಳು ಏರತೊಡಗಿದಂತೆ ಈ ಚೀಲ ಮುದುಡುತ್ತದೆ. ಮುಂಚೆಯೇ ತರಬೇತಾದ ಕಣಗಳು ಮೈಯಲ್ಲೆಲ್ಲ ಹರಡಿ ಉಳಿಯುತ್ತವೆ, ಶಾಲೆ ಮಾತ್ರ ಮುಚ್ಚುತ್ತದೆ. ಗಂಬೋರೊ ರೋಗ ನೇರವಾಗಿ ಹೊಡೆಯುವುದೂ ಇದೇ ಚೀಲಕ್ಕೆ. ಹೀಗಾಗಿ ರಾಣಿಖೇತ್ ರೋಗಕ್ಕೆ ಐದರಿಂದ ಏಳನೆಯ ದಿನದಲ್ಲಿ ಲಸೋಟ ಹನಿ, ಎರಡನೆಯ ವಾರದ ಕೊನೆಗೆ ಗಂಬೋರೊ, ಎಂಟನೆಯ ವಾರದ ಸುಮಾರಿಗೆ ಮತ್ತೆ ರಾಣಿಖೇತಿಗೇ ಆರ್2ಬಿ ಚುಚ್ಚುಮದ್ದು ಎಂಬ ರೂಢಿಯ ಕ್ರಮವನ್ನು ನಿಮ್ಮ ಊರಿನ ಮೃಗಾಸ್ಪತ್ರೆಯಲ್ಲಿ ಕೇಳಿ ಖಚಿತಪಡಿಸಿಕೊಂಡು, ಮೊದಲ ಮೊಟ್ಟೆಯ ಮುಂಚೆಯೇ ಮುಗಿಸಬೇಕು. ಮೊಟ್ಟೆಯಿಡುತ್ತಿರುವ ಹೇಂಟೆಗೆ ಆರ್2ಬಿ ಚುಚ್ಚಿದರೆ ಮೊಟ್ಟೆ ಇಳಿಯುವುದುಂಟು. ಲಸಿಕೆಯ ಸೀಸೆಯನ್ನು ಆಸ್ಪತ್ರೆಯಿಂದ ತರುವಾಗ ಮಂಜುಗಡ್ಡೆ ಹಾಕಿದ ಫ್ಲಾಸ್ಕಿನಲ್ಲಿಟ್ಟು ತರಬೇಕು. ಅಂಗಿಯ ಜೇಬಿನಲ್ಲಿಟ್ಟು ಬಸ್ಸಿನಲ್ಲಿ ತಂದ ಲಸಿಕೆ ನೀರಿಗೆ ಸಮ.

ಈ ಪ್ರಾಯದಲ್ಲಿ, ಅಂದರೆ ತುಳುವಿನಲ್ಲಿ ಲಾಕಿ ಎನ್ನುವ ಹಂತದಲ್ಲಿ, ಮೊಟ್ಟೆಕೋಳಿಯ ಆಹಾರವನ್ನು ಬೇಗನೆ ಶುರುಮಾಡುವುದು ತಪ್ಪು. ಅದರಲ್ಲಿ ಶೇಕಡಾ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ; ಬೆಳೆಯುವ ಕೋಳಿಗೆ ಶೇಕಡಾ 1ರಷ್ಟು ಸಾಕು, ಹೆಚ್ಚಾದುದು ಮೂತ್ರಪಿಂಡವನ್ನು ಕೆಡಿಸುತ್ತದೆ. ಜುಟ್ಟು ಕೆಂಪೇರಿ, ಎಲುಬುಗಳ ನಡುವೆ ಎರಡನೆಯ ಬೆರಳು ಹಿಡಿಸತೊಡಗಿದಾಗ ಬದಲಿಸಿದರೆ ಸರಿಹೋಗುತ್ತದೆ, ಏಕೆಂದರೆ ಮೊದಲ ಮೊಟ್ಟೆಗೆ ಎರಡು ವಾರ ಮುಂಚಿನಿಂದ ಈಸ್ಟ್ರೋಜೆನ್ ಕಾಲಿನ ಎಲುಬಿನ ಟೊಳ್ಳಿನಲ್ಲಿ ಕ್ಯಾಲ್ಸಿಯಂ ದಾಸ್ತಾನು ಮಾಡಿಸಲು ಆರಂಭಿಸುತ್ತದೆ.

ಬೆಳಕು

ಹಾರ್ಮೋನಿನ ಸರಪಳಿಯ ಮೊದಲ ಕೊಂಡಿ ಬೆಳಕು. ಕೋಳಿಗೆ ಬೆಳಕು ತಿಳಿಯುವುದು ಕಣ್ಣಿನಿಂದ ಮಾತ್ರವಲ್ಲ. ತಲೆಬುರುಡೆಯನ್ನು ಹಾದುಹೋಗುವ ಬೆಳಕನ್ನು, ವಿಶೇಷವಾಗಿ ಕೆಂಪು ಕಿತ್ತಳೆ ಬಣ್ಣದ ಕಿರಣಗಳನ್ನು, ಮೆದುಳಿನ ಹೈಪೊಥಲಾಮಸ್ ಭಾಗದಲ್ಲಿರುವ ಗ್ರಾಹಕಗಳು ನೇರವಾಗಿ ಅರಿಯುತ್ತವೆ. ಅಲ್ಲಿಂದ ಪಿಟ್ಯುಟರಿ ಗ್ರಂಥಿಗೆ ಸೂಚನೆ, ಪಿಟ್ಯುಟರಿಯಿಂದ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳು, ಅವುಗಳಿಂದ ಅಂಡಾಶಯದಲ್ಲಿ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್. ಎಲ್‌ಎಚ್ ಜಿಗಿದ ನಾಲ್ಕರಿಂದ ಆರು ಗಂಟೆಗಳಲ್ಲಿ ಹಳದಿ ಕಳಚುತ್ತದೆ. ಈ ಜಿಗಿತ ಸಾಮಾನ್ಯವಾಗಿ ರಾತ್ರಿಯ ಹೊತ್ತಿಗೆ ಸೀಮಿತ. ಮೊಟ್ಟೆಯಾಗಲು 24 ಗಂಟೆಗಿಂತ ಹೆಚ್ಚು ಬೇಕಾದುದರಿಂದ ಇಡುವ ಹೊತ್ತು ದಿನದಿನಕ್ಕೆ ತಡವಾಗುತ್ತ ಹೋಗಿ, ಕೊನೆಗೆ ಒಂದು ದಿನ ತಪ್ಪುತ್ತದೆ. ಅದು ರೋಗವಲ್ಲ, ಮದ್ದು ಬೇಡ.

ಪೂರ್ಣ ಮೊಟ್ಟೆಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕೆನ್ನುತ್ತಾರೆ. ಕಾಸರಗೋಡಿನಲ್ಲಿ ಡಿಸೆಂಬರಿನ ಹಗಲು 11.5 ಗಂಟೆಯ ಆಸುಪಾಸು, ಜೂನಿನದು 13 ಗಂಟೆಗೆ ತುಸು ಕಡಿಮೆ. ಊರಿನ ನಾಟಿ ಹೇಂಟೆಗೆ ಬಲ್ಬು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಅದು ವರ್ಷಕ್ಕೆ ಕೆಲವು ಸರದಿ ಮೊಟ್ಟೆಯಿಟ್ಟು ಕಾವಿಗೆ ಕೂತು ವಿಶ್ರಾಂತಿ ಪಡೆಯುವ ಜಾತಿ. ಹೈಬ್ರಿಡ್ ಹೇಂಟೆಗೆ ಹಾಕುವುದಾದರೆ ಎರಡು ನಿಯಮ ತಪ್ಪಬಾರದು: ಬೆಳೆಯುವ ಪ್ರಾಯದಲ್ಲಿ ಬೆಳಕು ಹೆಚ್ಚಿಸಬಾರದು, ಮೊಟ್ಟೆಯಿಡುವ ಕಾಲದಲ್ಲಿ ಕಡಿಮೆ ಮಾಡಬಾರದು. ಸುಮಾರು 18ರಿಂದ 20 ವಾರವಾದಾಗ, ಮೈತೂಕ ಸರಿಯಿದ್ದರೆ, ವಾರಕ್ಕೆ ಅರ್ಧ ಗಂಟೆಯಂತೆ ಏರಿಸಬೇಕು. ಅವಸರ ಮಾಡಿದರೆ ನಾಳ ಬಲಿಯುವ ಮೊದಲೇ ದೊಡ್ಡ ಮೊಟ್ಟೆ ಬಂದು, ಒಳಪೊರೆ ಹೊರಬಿದ್ದು, ಆ ಗಾಯದಿಂದಲೇ ಸೋಂಕು ಒಳಹೊಗುತ್ತದೆ.

ಹೆಚ್ಚುವರಿ ಬೆಳಕನ್ನು ಸಂಜೆಗಿಂತ ಮುಂಜಾನೆ ಕೊಡುವುದು ಮೇಲು, ಸಂಜೆ ಕೋಳಿಗಳು ತಾವಾಗಿಯೇ ಅಡ್ಡಕೋಲು ಹತ್ತಲು ಮುಸ್ಸಂಜೆಯ ಮಬ್ಬು ಸಿಗುತ್ತದೆ. ಜೂನಿನಲ್ಲಿ ನಸುಕಿನ 4 ಗಂಟೆಗೆ ಉರಿಯುವಂತೆ ಟೈಮರ್ ಇಟ್ಟರೆ ಕತ್ತಲಾಗುವವರೆಗೆ ಸುಮಾರು 15 ಗಂಟೆ ಸಿಗುತ್ತದೆ. ಜುಲೈಯಿಂದ ನವೆಂಬರ್‌ವರೆಗೆ ಸೂರ್ಯಾಸ್ತ ಸುಮಾರು ಒಂದು ಗಂಟೆ ಬೇಗನೆ ಆಗತೊಡಗುತ್ತದೆ. ಇದನ್ನು ಸರಿದೂಗಿಸಲು ತಿಂಗಳಿಗೆ 15 ನಿಮಿಷದಂತೆ ದೀಪವೂ ಬೇಗನೆ ಉರಿಯುವಂತೆ ಟೈಮರನ್ನು ಸರಿಸಬೇಕು. ಈ ಸಣ್ಣ ಲೆಕ್ಕ ಬಿಟ್ಟುಹೋಗುವುದರಿಂದಲೇ ಬಲ್ಬಿದ್ದರೂ ಅಕ್ಟೋಬರಿನಲ್ಲಿ ಗರಿ ಉದುರಿತು ಎಂಬ ದೂರು ಬರುತ್ತದೆ. ಕೋಳಿಯ ತಲೆಯ ಎತ್ತರದಲ್ಲಿ ಹಿಡಿದ ಪತ್ರಿಕೆಯನ್ನು ಓದಲು ಸಾಧ್ಯವಾಗುವಷ್ಟು, ಹಳದಿ ಛಾಯೆಯ ಬೆಳಕು ಸಾಕು.

ನನ್ನದೇ ತಪ್ಪೊಂದನ್ನು ಹೇಳಬೇಕು. ಒಂದು ಆಟಿ ತಿಂಗಳಿನಲ್ಲಿ ಗಾಳಿಗೆ ತೆಂಗಿನ ಮರ ತಂತಿಯ ಮೇಲೆ ಬಿದ್ದು ಐದು ದಿನ ಕರೆಂಟು ಇರಲಿಲ್ಲ. ಐದು ದಿನದಲ್ಲಿ ಏನಾದೀತು ಎಂದು ಸುಮ್ಮನಿದ್ದೆ. ಮೋಡದ ಮಬ್ಬು ಬೇರೆ. ಎರಡನೆಯ ವಾರದಲ್ಲಿ ಗೂಡಿನ ತುಂಬ ಕುತ್ತಿಗೆಯ ಗರಿಗಳು, ಮೊಟ್ಟೆ ಅರ್ಧಕ್ಕೂ ಕೆಳಗೆ. ಗಾಬರಿಯಾಗಿ ಕರೆಂಟು ಬಂದ ಮೇಲೆ ಮುಂಚಿಗಿಂತಲೂ ಹೆಚ್ಚು ಹೊತ್ತು ದೀಪ ಉರಿಸಿದ್ದು ಎರಡನೆಯ ತಪ್ಪು. ನಾಳ ಇನ್ನೂ ಚೇತರಿಸದೆ, ಗೂಡಿನ ನೆಲದ ಹಾಸು ಒದ್ದೆಯಾಗಿದ್ದ ಆ ದಿನಗಳಲ್ಲಿ ಎರಡು ಹೇಂಟೆಗಳ ಹೊಟ್ಟೆ ಊದಿಕೊಂಡಿತು, ಎರಡೂ ಉಳಿಯಲಿಲ್ಲ. ಈಗ ಬ್ಯಾಟರಿಯಿರುವ ಚಿಕ್ಕ ಸೋಲಾರ್ ದೀಪವೊಂದು ಗೂಡಿನಲ್ಲಿದೆ.

ಮೊಟ್ಟೆಯಿಡುವ ದಿನಗಳಲ್ಲಿ

ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಬರುವ ಪತ್ತನಾಜೆ ಕಳೆಯುವುದರೊಳಗೆ ಗೂಡಿನ ಮಾಡಿನ ಸೋರಿಕೆ ನಿಲ್ಲಿಸಿ, ಹಾಸನ್ನು ಪೂರ್ತಿ ಬದಲಿಸಬೇಕು. ಉಮಿ, ಮರದ ಪುಡಿ, ಚೆನ್ನಾಗಿ ಒಣಗಿದ ತೆಂಗಿನ ನಾರಿನ ಪುಡಿ ಯಾವುದೂ ಆಗುತ್ತದೆ. ಒಂದು ಹಿಡಿ ಹಾಸನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚಾಗಿದೆ; ಉದುರಿ ಹರಡಿದರೆ ಸರಿಯಿದೆ. ಮಂಡಿಯೂರಿ ಕೂತು ಕೋಳಿಯ ಮೂಗಿನ ಎತ್ತರದಲ್ಲಿ ಉಸಿರೆಳೆದು ನೋಡಿ: ಅಮೋನಿಯ ಮೂಗಿಗೆ ಹೊಡೆದರೆ ಅದು ಶ್ವಾಸನಾಳದ ರೋಮಗಳನ್ನು ಅದಾಗಲೇ ಸುಡುತ್ತಿದೆ, ಗಾಳಿಚೀಲದಿಂದ ಮೊಟ್ಟೆನಾಳದ ಮೇಲ್ತುದಿಗೆ ದಾರಿ ತೆರೆಯುತ್ತಿದೆ. ಹಾಸಿನಲ್ಲಿ ಸುಣ್ಣದ ಪುಡಿ ಬೆರೆಸಿ ಮಗುಚುವುದನ್ನು ಮಳೆಗಾಲದಲ್ಲಿ ವಾರಕ್ಕೆರಡು ಸಲ ಮಾಡಬೇಕು. ಪೆಟ್ಟಿಗೆಯ ಹುಲ್ಲು ಬದಲಿಸುವುದಂತೂ ಇನ್ನೂ ಮುಖ್ಯ, ಏಕೆಂದರೆ ಹೊರಮಗುಚಿದ ಆ ಒದ್ದೆ ಪೊರೆ ತಾಗುವುದು ಆ ಹುಲ್ಲಿಗೇ.

ಒಂದು ಚಿಪ್ಪಿಗೆ ಎರಡು ಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಬೇಕು, ಚಿಪ್ಪು ಕಟ್ಟುವುದು ಬಹುಪಾಲು ರಾತ್ರಿ. ಹಾಗಾಗಿ ಚಿಪ್ಪಿನ ಚೂರನ್ನು ಸಂಜೆ ಕೊಡಬೇಕು. ನುಣ್ಣಗಿನ ಪುಡಿ ಬೇಗ ಕರಗಿ ಹೋಗುತ್ತದೆ, ಅಕ್ಕಿಕಾಳಿನಷ್ಟು ದಪ್ಪನೆಯ ಚೂರು ರಾತ್ರಿಯಿಡೀ ಮೆಲ್ಲಮೆಲ್ಲನೆ ಕರಗುತ್ತದೆ. ಕುಂಬಳೆಯ ಕಡೆ ಸಿಗುವ ಮರುವಾಯಿ ಚಿಪ್ಪಾಗಲಿ, ಜಿಲ್ಲೆಯ ತೆಂಕಣ ಹಿನ್ನೀರುಗಳಲ್ಲಿ ಸಾಕುವ ಕಲ್ಲುಮ್ಮಕಾಯದ ಚಿಪ್ಪಾಗಲಿ ಚೆನ್ನಾಗಿ ಆಗುತ್ತದೆ, ಆದರೆ ಉಪ್ಪಿನಂಶ ಹೋಗುವವರೆಗೆ ಎರಡು ಮೂರು ನೀರಿನಲ್ಲಿ ತೊಳೆದು ಒಣಗಿಸಬೇಕು. ಉಪ್ಪು ಹೆಚ್ಚಾದರೆ ಚಿಪ್ಪುಗ್ರಂಥಿಯ ಕೆಲಸವೇ ಕೆಡುತ್ತದೆ. ಮಾರ್ಚ್‌ನಿಂದ ಮೇವರೆಗಿನ ಸೆಕೆಯಲ್ಲಿ ಎಷ್ಟು ಚಿಪ್ಪು ತಿನ್ನಿಸಿದರೂ ಮೊಟ್ಟೆ ತೆಳುವಾಗುವುದುಂಟು. ಕೋಳಿ ಬಾಯಿತೆರೆದು ಏದುಸಿರು ಬಿಟ್ಟಾಗ ರಕ್ತದ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ, ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಸಾಲದಾಗುತ್ತದೆ. ಅದಕ್ಕೆ ಮದ್ದು ನೆರಳು, ಗಾಳಿ, ತಣ್ಣಗಿನ ನೀರು.

ಆಹಾರದಲ್ಲಿ ನಾನು ಅತಿ ಹೆಚ್ಚು ಹೆದರುವುದು ಬೂಸಲಿಗೆ. ಮಳೆಗಾಲದಲ್ಲಿ ಕಡಲೆ ಹಿಂಡಿ, ತೆಂಗಿನ ಹಿಂಡಿ, ಜೋಳ ಇವುಗಳಲ್ಲಿ ಬೆಳೆಯುವ ಬೂಸಲಿನ ಅಫ್ಲಾಟಾಕ್ಸಿನ್ ಯಕೃತ್ತನ್ನು ಹಾಳುಮಾಡುತ್ತದೆ, ರೋಗನಿರೋಧಕ ಶಕ್ತಿಯನ್ನೂ ಕುಂದಿಸುತ್ತದೆ. ಈಸ್ಟ್ರೋಜೆನ್‌ನ ಆಣತಿಯಂತೆ ಹಳದಿಯ ಪ್ರೋಟೀನು ತಯಾರಾಗುವುದು ಯಕೃತ್ತಿನಲ್ಲೇ ಆದ್ದರಿಂದ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. ಎರಡು ವಾರಕ್ಕಾಗುವಷ್ಟೇ ಆಹಾರ ತಂದು, ಚೀಲವನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿಡಿ. ಪೊರೆಗಳ ಆರೋಗ್ಯಕ್ಕೆ ವಿಟಮಿನ್ ಎ ಬೇಕು. ನುಗ್ಗೆಸೊಪ್ಪು ಎಲ್ಲರ ಹಿತ್ತಿಲಲ್ಲೂ ಇದೆ.

ಹೆದರಿಕೆಯೂ ಹಾರ್ಮೋನೇ. ರಾತ್ರಿ ಕಾಡುಬೆಕ್ಕೋ ನರಿಯೋ ಗೂಡನ್ನು ಸುತ್ತಿದರೆ ಕೋಳಿಯ ಮೈಯಲ್ಲಿ ಕಾರ್ಟಿಕೋಸ್ಟೆರಾನ್ ಎಂಬ ಒತ್ತಡದ ಹಾರ್ಮೋನು ಏರುತ್ತದೆ; ಅದು ಅಂಡಾಶಯದ ಕೆಲಸವನ್ನೂ ಲಿಂಫೋಸೈಟ್‌ಗಳನ್ನೂ ಒಟ್ಟಿಗೆ ತಗ್ಗಿಸುತ್ತದೆ. ಮರುದಿನದ ಕಂದು ಮೊಟ್ಟೆಯ ಮೇಲೆ ಸುಣ್ಣ ಚಿಮುಕಿಸಿದಂಥ ಬಿಳಿ ಲೇಪ ಕಂಡರೆ ಮೊಟ್ಟೆ ಹೊತ್ತುಮೀರಿ ಒಳಗೇ ನಿಂತಿತ್ತು ಎಂದರ್ಥ. ಆಗ ಮೊದಲು ನೋಡಬೇಕಾದದ್ದು ಗೂಡಿನ ಬಲೆಯನ್ನು.

ಹುಂಜದ ವಿಷಯ ಚಿಕ್ಕದು. ಚಿಪ್ಪುಗ್ರಂಥಿಗೂ ಯೋನಿಗೂ ನಡುವಿನ ಸಣ್ಣ ಕೊಳವೆಗಳಲ್ಲಿ ವೀರ್ಯಾಣು ಎರಡು ಮೂರು ವಾರ ಬದುಕಿರುತ್ತದೆ, ಪರಕೀಯವಾದರೂ ನಾಳದ ಕಾವಲು ಅಲ್ಲಿ ಅದನ್ನು ಸಹಿಸಿಕೊಳ್ಳುತ್ತದೆ. ಹತ್ತು ಹೇಂಟೆಗೆ ಒಂದು ಹುಂಜ ಸಾಕು. ತಿನ್ನುವ ಮೊಟ್ಟೆಗೆ ಹುಂಜವೇ ಬೇಕಾಗಿಲ್ಲ.

ಕಾವಲು ಸಡಿಲವಾಗುವ ದಿನಗಳು

ಹೇಂಟೆ ಕಾವಿಗೆ ಕೂತಾಗ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ, ಎಲ್‌ಎಚ್ ಇಳಿದು, ಅಂಡಾಶಯವೂ ನಾಳವೂ ಕುಗ್ಗುತ್ತವೆ. ಗರಿ ಉದುರುವಾಗಲೂ ಹಾಗೆಯೇ. ಆಗ ಕೊಯ್ದು ನೋಡಿದರೆ ಹಾಳೆಯ ಉದ್ದಕ್ಕೆ ಚಾಚಿದ್ದ ಕೊಳವೆ ಅಂಗೈಯಲ್ಲಿ ಅಡಗುವಷ್ಟಾಗಿರುತ್ತದೆ. ಈ ವಿಶ್ರಾಂತಿ ಕೆಟ್ಟದ್ದಲ್ಲ, ಹಳೆಯ ಪೊರೆ ಕಳಚಿ ಹೊಸದು ಬರುವುದು ಆಗಲೇ. ಆದರೆ ಒಮ್ಮೆಲೇ ಗರಿ ಉದುರಿಸಲೆಂದು ಕೋಳಿಗಳನ್ನು ಉಪವಾಸ ಕೆಡಹುವ ಪದ್ಧತಿ ಕ್ರೂರವೂ ಹೌದು, ಅಪಾಯವೂ ಹೌದು: ಹಾಗೆ ಮಾಡಿದ ಹೇಂಟೆಗಳಿಗೆ ಸಾಲ್ಮೊನೆಲ್ಲಾ ಎಂಟೆರಿಟಿಡಿಸ್ ಬಹಳ ಸುಲಭವಾಗಿ ತಗಲುತ್ತದೆಂದು ಅಮೆರಿಕದ ಪ್ರಯೋಗಗಳು ಸ್ಪಷ್ಟಪಡಿಸಿವೆ. ಗರಿ ತಾನಾಗಿ ಉದುರುವಾಗ ಪ್ರೋಟೀನು ಕಡಿಮೆಮಾಡದೆ ಆಹಾರ ಕೊಟ್ಟು, ಹೊಸ ಕೋಳಿಗಳನ್ನು ಗುಂಪಿಗೆ ಸೇರಿಸದೆ, ಗೂಡು ಬದಲಿಸದೆ ಎಂಟು ವಾರ ಬಿಡಬೇಕು. ಕಾವಿನ ಹೇಂಟೆಯನ್ನು ಬೇರೆ ಬುಟ್ಟಿಯಲ್ಲಿ ಕೂರಿಸಿ, ಉಣ್ಣಿ, ಹೇನುಗಳಿವೆಯೇ ಎಂದು ನೋಡಿಕೊಂಡು, ದಿನಕ್ಕೊಮ್ಮೆ ಎಬ್ಬಿಸಿ ನೀರು ಕಾಳು ಕೊಡಬೇಕು. ಮರಿ ಬೇಡವಾದರೆ ತಂತಿ ತಳದ, ಗಾಳಿಯಾಡುವ ಪಂಜರದಲ್ಲಿ ಮೂರು ನಾಲ್ಕು ದಿನ ಇಟ್ಟರೆ ಕಾವು ಇಳಿಯುತ್ತದೆ. ನೀರಿನಲ್ಲಿ ಮುಳುಗಿಸುವ ಹಳೆಯ ರೂಢಿಯನ್ನು ಬಿಡುವುದೇ ಲೇಸು.

ಮೊಟ್ಟೆಯೇ ಹೇಳುವ ಸುದ್ದಿ

ಮೊದಲ ವಾರದಲ್ಲಿ ಚಿಪ್ಪಿಲ್ಲದ, ತೊಗಲಿನಂಥ ಮೊಟ್ಟೆ ಒಂದೆರಡು ಬಂದರೆ ಚಿಂತೆಯಿಲ್ಲ. ಶೀತದ ಬಳಿಕ ಸುಕ್ಕು ಚಿಪ್ಪೂ, ತಟ್ಟೆಗೆ ಒಡೆದಾಗ ನೀರಿನಂತೆ ಹರಿಯುವ ಬಿಳಿಲೋಳೆಯೂ ಕಂಡರೆ ಬ್ರಾಂಕೈಟಿಸ್‌ನ ಸಂಶಯ ಪಡಬೇಕು. ಕೋಳಿಗಳು ಲವಲವಿಕೆಯಿಂದಿದ್ದೂ ಚಿಪ್ಪಿನ ಬಣ್ಣ ಮಾಸಿ, ತೆಳುವಾಗಿ, ಸಂಖ್ಯೆಯೂ ಇಳಿದರೆ 1976ರಲ್ಲಿ ನೆದರ್‌ಲ್ಯಾಂಡಿನಲ್ಲಿ ಮೊದಲು ಗುರುತಾದ ಎಗ್ ಡ್ರಾಪ್ ಸಿಂಡ್ರೋಮ್ ಇರಬಹುದು. ಆ ವೈರಸ್ ಬಾತುಕೋಳಿಗಳಿಂದ ಬಂದದ್ದು, ಆದ್ದರಿಂದ ಬಾತುಗಳನ್ನೂ ಹೇಂಟೆಗಳನ್ನೂ ಒಂದೇ ಕೆರೆಯ ನೀರಿಗೆ ಬಿಡಬಾರದು. ಮೊಟ್ಟೆಯ ಬದಲು ರಬ್ಬರಿನಂಥ ಹಳದಿ ಗಡ್ಡೆ ಬಿದ್ದು, ಕತ್ತರಿಸಿದಾಗ ಈರುಳ್ಳಿಯಂತೆ ಪದರ ಪದರವಾಗಿ ದುರ್ನಾತ ಬೀರಿದರೆ ಅದು ನಾಳದೊಳಗೆ ಹೆಪ್ಪುಗಟ್ಟಿದ ಕೀವು. ಹೊಟ್ಟೆ ನೆಲಕ್ಕೆ ಜೋತು, ನೆಟ್ಟಗೆ ನಿಂತು ನಡೆಯುವ ಹೇಂಟೆಯದೂ ಹೆಚ್ಚಾಗಿ ಇದೇ ಕಥೆ. ಅಂಥದ್ದನ್ನು ಕೂಡಲೇ ಬೇರ್ಪಡಿಸಿ ಪಶುವೈದ್ಯರಿಗೆ ತೋರಿಸಬೇಕು.

ಅಂಗಡಿಯಿಂದ ಆಂಟಿಬಯೋಟಿಕ್ ಪುಡಿ ತಂದು ಇಡೀ ಗುಂಪಿನ ನೀರಿಗೆ ಕಲಸುವ ಅಭ್ಯಾಸವನ್ನು ನಿಲ್ಲಿಸಲೇಬೇಕು. ಹೆಪ್ಪುಗಟ್ಟಿದ ಕೀವಿನೊಳಗೆ ಅದು ಇಳಿಯುವುದಿಲ್ಲ, ಆದರೆ ಆರೋಗ್ಯವಂತ ಹೇಂಟೆಗಳ ಮೊಟ್ಟೆಯ ಹಳದಿಗೆ ತಪ್ಪದೆ ಇಳಿಯುತ್ತದೆ. ಒಂದು ಹಳದಿ ದೊಡ್ಡದಾಗಲು ವಾರಕ್ಕೂ ಹೆಚ್ಚು ದಿನ ಬೇಕಾದುದರಿಂದ ಮದ್ದು ನಿಂತ ಬಳಿಕವೂ ವೈದ್ಯರು ಹೇಳಿದಷ್ಟು ದಿನ ಮೊಟ್ಟೆ ತಿನ್ನುವಂತಿಲ್ಲ, ಮಾರುವಂತಿಲ್ಲ. ಕೋಲಿಸ್ಟಿನ್ ಎಂಬ ಆಂಟಿಬಯೋಟಿಕ್ಕನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು 2019ರಲ್ಲಿ ಕೇಂದ್ರ ಸರಕಾರ ನಿಷೇಧಿಸಿದೆ. ಮಾರುವ ಮೊಟ್ಟೆಯನ್ನು ನೀರಿನಲ್ಲಿ ತೊಳೆಯಲೂ ಬಾರದು. ಚಿಪ್ಪಿನ ಸಾವಿರಾರು ರಂಧ್ರಗಳನ್ನು ಮುಚ್ಚಿರುವ ತೆಳು ಪೊರೆ ಅಳಿಸಿಹೋಗುತ್ತದೆ. ಒಣ ಬಟ್ಟೆಯಿಂದ ಒರಸಿ, ಕೊಳೆಯಾದದ್ದನ್ನು ಮನೆಯಲ್ಲೇ ಚೆನ್ನಾಗಿ ಬೇಯಿಸಿ ತಿನ್ನಬೇಕು.

ಒಂದು ಹೇಂಟೆ ಸತ್ತು, ಕಾರಣ ನೋಡಬೇಕೆನಿಸಿದರೆ ಕೈಗವಸು ಹಾಕಿ, ಮೂಗುಬಾಯಿ ಮುಚ್ಚಿಕೊಂಡು, ಬಾವಿಯಿಂದಲೂ ಗೂಡಿನಿಂದಲೂ ದೂರದಲ್ಲಿ ಕೊಯ್ದು ನೋಡಬಹುದು; ವೈದ್ಯರಿಗೆ ತೋರಿಸುವುದು ಇನ್ನೂ ಉತ್ತಮ. ಒಂದೆರಡು ದಿನಗಳಲ್ಲಿ ಅನೇಕ ಕೋಳಿಗಳು ಸತ್ತರೆ, ಜುಟ್ಟು ನೀಲಿಗಟ್ಟಿ ಮುಖ ಊದಿದ್ದರೆ ಮಾತ್ರ ಕೊಯ್ಯಲೇಬಾರದು, ಮುಟ್ಟದೆ ಮೃಗಾಸ್ಪತ್ರೆಗೆ ತಿಳಿಸಬೇಕು; ಕೇರಳದಲ್ಲಿ 2014ರಿಂದೀಚೆಗೆ ಹಕ್ಕಿಜ್ವರ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ನೋಡಿಯಾದ ಕೋಳಿಯನ್ನು ಮೂರಡಿ ಆಳದ ಹೊಂಡದಲ್ಲಿ ಸುಣ್ಣ ಹರಡಿ ಹೂಳಬೇಕು. ಅದನ್ನು ಬಿಡಿಸಿಟ್ಟ ಅಡಿಕೆ ಹಾಳೆಯನ್ನೂ ಜೊತೆಗೇ ಹೂಳಿ. ಒಲೆಗಾದೀತೆಂದು ಬಚ್ಚಲಿನ ಮೂಲೆಗೆ ಎತ್ತಿಡಬೇಡಿ.